ಗ್ರಹಣದ ಶರಬತ್ತು

ಭೀಮಶ್ಯಾ ಮಾಸ್ತರರು ಲಿಂಬಿ ಶರಬತ್ತು ಬಿಟ್ಟಿದ್ದಾರೆ ಎಂದರೆ ಇಂಡಿ ಪಟ್ಟಣದ ಅವರ ಓಣಿಯಲ್ಲಿ ನಂಬುವವರು ಯಾರು? ಊರ ಹೊರಗೆ ಸ್ವಂತ ಲಿಂಬಿ ತೋಟ. ಯಂಕಂಚಿ ಸಾಲೆಗೆ ಹೋಗಿಬರುತ್ತಿದ್ದ ಕಾಲದಲ್ಲೂ ಕೈಚೀಲದಲ್ಲಿ ಹಣ್ಣಿಲ್ಲದೆ ಬಸ್ಸು ಹತ್ತಿದವರಲ್ಲ. ಅಂಥವರು ಈ ಜನವರಿಯಿಂದೀಚೆಗೆ ಯಾರು ಗ್ಲಾಸು ಮುಂದೆ ಹಿಡಿದರೂ, "ಬ್ಯಾಡವಾ, ಆ್ಯಸಿಡಿಟಿ ಆಗೇತಿ" ಎಂದು ಕೈ ಆಡಿಸಿಬಿಡುತ್ತಿದ್ದರು.

ಆ್ಯಸಿಡಿಟಿ ಏನೂ ಇರಲಿಲ್ಲ. ಇದ್ದದ್ದು ಒಂದು ಗ್ರಹಣ.

ಮಾಸ್ತರರ ಮನೆಯಲ್ಲಿ ಗ್ರಹಣವೆಂದರೆ ಹಬ್ಬವಿದ್ದಂತೆ. ಓಣಿಯವರೆಲ್ಲ ನೀರಿನ ಕೊಡಕ್ಕೆ ಕರಕಿ ಹುಲ್ಲು ಹಾಕಿ, ಬಾಗಿಲು ಮುಚ್ಚಿ ಕೂತರೆ ಇವರು ಅಂಗಳದಲ್ಲಿ ಚಾಪೆ ಹಾಸಿ ಮನೆಮಂದಿಗೆಲ್ಲ ತಿನ್ನಿಸಿ ಕುಡಿಸುತ್ತಿದ್ದರು. "ಭೂಮಿ ನೆರಳು ಚಂದ್ರನ ಮ್ಯಾಲ ಬಿದ್ರ ನಮ್ಮ ಹೊಟ್ಟಿಗೇನ್ರಿ ಆಗೂದೈತಿ?" ಎಂದು ಆಚೀಚೆ ಮನೆಗೂ ಕೇಳಿಸುವಂತೆ ಪಾಠ ಬೇರೆ. ಕಳೆದ ಭಾದ್ರಪದ ಹುಣ್ಣಿಮೆಯ ಗ್ರಹಣಕ್ಕೂ ಹಾಗೆಯೇ ಆಯಿತು. ಸೊಸೆ ಪಲ್ಲವಿ ಆಗ ಐದು ತಿಂಗಳ ಬಸುರಿ. "ಬಸುರಿ ಇರೂ ಮನ್ಯಾಗ ಇವತ್ತೊಂದ ದಿನಾ ಏನೂ ಕೊಯ್ಯೂದ ಬ್ಯಾಡ್ರಿ" ಎಂದು ಹೆಂಡತಿ ಸೀತವ್ವ ಎಷ್ಟು ಹೇಳಿದರೂ ಕೇಳದೆ, ಆಕೆ ಬಚ್ಚಿಡಲು ಹೊರಟಿದ್ದ ಚಾಕು ಕಸಿದುಕೊಂಡು ತಾವೇ ಹಣ್ಣು ಕೊಯ್ದರು, ತಾವೇ ಶರಬತ್ತು ಮಾಡಿ ಎಲ್ಲರ ಕೈಗಿತ್ತರು.

ಪಲ್ಲವಿಯ ತವರು ಇಂಗಳೇಶ್ವರ. ಹೆರಿಗೆ ಬಸವನ ಬಾಗೇವಾಡಿಯ ಆಸ್ಪತ್ರೆಯಲ್ಲಾಯಿತು. ಗಂಡುಕೂಸು, ಮುದ್ದಾಗಿತ್ತು, ಹಾಲನ್ನೂ ಎಳೆಯಿತು. ಆದರೆ ಮಲ ಹೋಗಲೇ ಇಲ್ಲ. ಹೊಟ್ಟೆ ನಗಾರಿಯಂತೆ ಉಬ್ಬಿತು. ವಿಜಯಪುರದ ಡಾಕ್ಟರು ನೋಡಿ, ಕರುಳಿನ ತುದಿಯಲ್ಲಿ ನರಗಳೇ ಇಲ್ಲ, ಅಷ್ಟು ಭಾಗ ಕೊಯ್ದು ತೆಗೆದು ಮೇಲಿನ ಕರುಳನ್ನು ಕೆಳಕ್ಕೆಳೆದು ಹೊಲಿಯಬೇಕು ಎಂದರು. ಆಪರೇಶನ್ ಸುಸೂತ್ರವಾಯಿತು, ಕೂಸು ಚೇತರಿಸಿಕೊಂಡಿತು. ಮಾಸ್ತರರು ಮಾತ್ರ ಚೇತರಿಸಿಕೊಳ್ಳಲಿಲ್ಲ. ಅಂದು ತಾವು ಕೊಯ್ದದ್ದು ಹಣ್ಣು, ಇಂದು ಡಾಕ್ಟರು ಕೊಯ್ದದ್ದು ಕರುಳು. "ಹಾಗೆಲ್ಲ ಇರುವುದಿಲ್ಲ" ಎಂದು ದಿನವೂ ತಮಗೆ ತಾವೇ ಪಾಠ ಮಾಡಿಕೊಳ್ಳುತ್ತಿದ್ದರು. ಪಾಠ ಮುಗಿಯುವಷ್ಟರಲ್ಲಿ ಮನಸ್ಸಿನ ಹಿಂದಿನ ಬೆಂಚಿನಿಂದ ಒಬ್ಬ ಹುಡುಗ ಕೈ ಎತ್ತುತ್ತಿದ್ದ: "ಆದ್ರೂ, ಸರ್?"

ಉತ್ತರ ಹೇಳಬಲ್ಲವಳು ಮನೆಯವಳೇ ಆಗಿದ್ದಳು. ಮಗಳು ಪ್ರಜ್ಞಾ ಹೈದರಾಬಾದಿನಲ್ಲಿ ವಿಜ್ಞಾನಿ. ಕರುಳಿನ ನರಗಳು ಹೇಗೆ ಬೆಳೆಯುತ್ತವೆ ಎಂಬುದೇ ಅವಳ ಸಂಶೋಧನೆ. ಆದರೆ ಊರಿಗೆಲ್ಲ ಗ್ರಹಣ ಬಿಡಿಸಿದ ತಾವು, ಮಗಳ ಮುಂದೆ ಹೋಗಿ ಗ್ರಹಣದ ಮಾತು ಎತ್ತುವುದೆಂತು?

ಆಸ್ಪತ್ರೆಯ ಗಡಿಬಿಡಿಯಲ್ಲಿ ತೊಟ್ಟಿಲಕಾರ್ಯ ಮುಂದಕ್ಕೆ ಹೋಗಿ, ಏಪ್ರಿಲ್ಲಿನ ಬಿಸಿಲಿಗೆ ಬಂತು. ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕಾದ ಸೋದರತ್ತೆ ಪ್ರಜ್ಞಾ ರಜೆ ಹಾಕಿ ಬಂದಿದ್ದಳು. ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ತೊಟ್ಟಿಲಿಗೆ ಸೀರೆ ಕಟ್ಟುತ್ತಿದ್ದವಳ ಹತ್ತಿರ ಮಾಸ್ತರರು ಹೋಗಿ ಕೂತರು.

"ನಿನ್ನ ಕೆಲಸದ ಬಗ್ಗೆ ನಾ ಸರಿಯಾಗಿ ಕೇಳೇ ಇಲ್ಲ ನೋಡವಾ."

"ಏನ ಕೆಲಸರಿ, ದಿನಾ ತತ್ತಿ ಒಡೀತಾಳಂತ," ಒಳಗೆ ಗುಗ್ಗರಿ ಕುದಿಸುತ್ತಿದ್ದ ಸೀತವ್ವ ಕೂಗಿದಳು. "ಇಷ್ಟ ಓದಿ, ಒಂದ ಆಮ್ಲೇಟ ಮಾಡಾಕ ಬರೂದಿಲ್ಲ!"

"ಒಡಿಯೂದಿಲ್ಲವ್ವಾ. ತತ್ತಿಗೊಂದು ಸಣ್ಣ ಕಿಟಕಿ ಕೊರೀತೇವಿ. ಒಳಗ ಬೆಳಿಯೂ ಕೋಳಿಮರಿ ನೋಡಿ, ಟೇಪ್ ಹಚ್ಚಿ, ಮತ್ತ ಕಾವಿಗೆ ಇಡ್ತೇವಿ." ಪ್ರಜ್ಞಾ ಅಪ್ಪನ ಕಡೆ ತಿರುಗಿದಳು. "ಕರುಳಿನ ನರ ಕರುಳಾಗ ಹುಟ್ಟೂದಿಲ್ಲಪ್ಪಾ. ಅವುಗಳ ಮೂಲಕಣ ಹೆಚ್ಚಾಗಿ ಕುತ್ತಿಗಿ ಹಂತ್ಯಾಕ ಹುಟ್ಟತಾವು. ಅಲ್ಲಿಂದ ಕರುಳಿಗೆ ಇಳದು, ನಡಕೋಂತ ತುದಿತನಕ ಹೋಗಬೇಕು. ಹೋಗ್ತಾ ಹೋಗ್ತಾ ಒಂದ ಎರಡಾಗಿ, ಎರಡ ನಾಕಾಗಿ ಹೆಚ್ಚತಾವು. ಇತ್ತ ಕರುಳೂ ಉದ್ದ ಆಗಾಕತ್ತಿರತೈತಿ."

"ಅಂದ್ರ ಬಸ್ಸಿನ ಬೆನ್ನಹತ್ತಿ ಓಡಿದಂಗ."

"ಹಾಂ. ಇಲ್ಲಾ ನಮ್ಮ ಕಾಲುವಿ ಇದ್ದಂಗ ತಿಳಿ. ಮ್ಯಾಲ ನೀರ ಕಡಿಮಿ ಬಿಟ್ರ?"

"ತುದಿಗೆ ಮುಟ್ಟೂದಿಲ್ಲ." ಮಾಸ್ತರರ ತೋಟ ಕಾಲುವೆಯ ತುದಿಯಲ್ಲೇ ಇತ್ತು. ಅದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಇಲ್ಲೂ ಅಷ್ಟ. ಕಡಿಮಿ ಹೊಂಟ್ರ ತುದಿ ಖಾಲಿ ಉಳೀತೈತಿ. ನರ ಇಲ್ಲದ ಕರುಳು ಸಡಿಲ ಆಗೂದಿಲ್ಲ, ಮುಂದಕ್ಕ ಏನೂ ಬಿಡೂದಿಲ್ಲ. ಎಷ್ಟು ಹೊಂಟ್ರ ತುದಿ ಮುಟ್ಟತಾವು, ಅದನ್ನ ನಾ ನೋಡಾಕತ್ತೇನಿ."

"ಮತ್ತ ಅವು ಯಾಕ ಕಡಿಮಿ ಬೀಳ್ತಾವು?"

"ಕೆಲವು ಕೂಸುಗಳಿಗೆ ಜೀನಿನಾಗ ಫರಕ ಇರತೈತಿ. ಎಷ್ಟೋ ಕೂಸುಗಳದು ಇನ್ನೂ ನಮಗ ಗೊತ್ತಿಲ್ಲಪ್ಪಾ."

'ಗೊತ್ತಿಲ್ಲ' ಎಂದದ್ದೇ ತಡ, ಹಿಂದಿನ ಬೆಂಚಿನ ಹುಡುಗ ಎದ್ದೇ ನಿಂತ. ಮಾಸ್ತರರು ಚಷ್ಮಾ ತೆಗೆದು ಅಂಗಿಯ ಚುಂಗಿಗೆ ಒರೆಸತೊಡಗಿದರು.

"ಈ ನಡಿಗಿ... ಯಾವಾಗ ಮುಗೀತೈತಿ? ಸುಮ್ನ ಕೇಳಾಕತ್ತೇನಿ. ಸಾಲಿ ಹುಡುಗರು ಕೇಳಿದ್ರ ಹೇಳಾಕ ಬೇಕಲ್ಲ."

"ನೀ ರಿಟಾಯರ ಆಗಿ ಎಷ್ಟ ವರ್ಷಾತಪ್ಪಾ!" ಪ್ರಜ್ಞಾ ನಕ್ಕಳು. ಅಪ್ಪನ ಮುಖ ನೋಡಿ ನಗು ನಿಲ್ಲಿಸಿದಳು. "ಬಸುರಿಗೆ ಎರಡ ತಿಂಗಳ ತುಂಬೂ ಹೊತ್ತಿಗೆ ಎಲ್ಲಾ ಮುಗದಿರತೈತಿ. ಎಷ್ಟೋ ಮಂದಿಗೆ ಆಗಿನ್ನೂ ತಾವು ಬಸುರಿ ಅಂತ ಪಕ್ಕಾ ಆಗಿರೂದಿಲ್ಲ."

ಎರಡು ತಿಂಗಳು. ಗ್ರಹಣ ಬಂದದ್ದು ಐದಕ್ಕೆ. ತಾವು ಚಾಕು ಹಿಡಿಯುವ ಎಷ್ಟೋ ಮೊದಲೇ ಆ ನಡಿಗೆ ಮುಗಿದು, ತುದಿ ಖಾಲಿ ಉಳಿದಾಗಿತ್ತು. ಮಾಸ್ತರರು ಚಷ್ಮಾ ಹಾಕಿಕೊಂಡು ಗಂಟಲು ಸರಿ ಮಾಡಿಕೊಂಡರು.

"ನನಗ ಮೊದಲ ಗೊತ್ತಿತ್ತು."

"ಏನ ಗೊತ್ತಿತ್ತಪ್ಪಾ?"

"ಗ್ರಹಣದ್ದವಾ," ಸೀತವ್ವ ಸೌಟು ಹಿಡಿದೇ ಹೊರಗೆ ಬಂದಳು. "ಆ್ಯಸಿಡಿಟಿಯಂತ ಆ್ಯಸಿಡಿಟಿ! ಆ್ಯಸಿಡಿಟಿ ಆದವರು ಮೆಣಸಿನಕಾಯಿ ಭಜಿ ಪ್ಲೇಟಗಟ್ಟಲೆ ತಿಂತಾರೇನ್ರಿ? ತಾವಾಗಿ ನಿನ್ನ ಕೇಳಲಿ ಅಂತ ಸುಮ್ನ ಕುಂತಿದ್ದೆ."

ಕೂಸಿಗೆ ಎಣ್ಣೆ ಹಚ್ಚುತ್ತಿದ್ದ ಪಲ್ಲವಿ ಕೋಣೆಯಿಂದಲೇ ಹೇಳಿದಳು: "ಅಯ್ಯ ಮಾವಾರ! ಆವತ್ತ ನನಗ ಹೊಟ್ಟಿ ತೊಳಸಾಕತ್ತಿತ್ತು, ಆ ಶರಬತ್ತ ಕುಡದ ಮ್ಯಾಲನ ಹಗರಾತು. ಇನ್ನೊಂದ ಗ್ಲಾಸ ಕೇಳೂದಿತ್ತು, ಅತ್ತಿಯಾರು ಕಣ್ಣ ಬಿಟ್ರು."

"ನಂದೂ ಕುಡೀಬೇಕಿತ್ತವಾ ನೀ," ಎಂದಳು ಸೀತವ್ವ. "ಸುಮ್ನ ಕರಿಬೇವಿಗೆ ಹೋತು."

ಮಾಸ್ತರರು ಬಾಯಿ ತೆರೆದರು. "ಚೆಲ್ಲಿದಿ?"

"ಲಗ್ನ ಆದಾಗಿಂದ ಒಂದ ಗ್ರಹಣಾನೂ ಬಿಟ್ಟಿಲ್ಲ. ಇಲ್ಲಂದ್ರ ಆ ಗಿಡ ಅಷ್ಟ ಎತ್ತರ ಹೆಂಗ ಬೆಳೀತಿತ್ರಿ?"

ಮಧ್ಯಾಹ್ನ ಓಣಿಯ ಹೆಂಗಸರೆಲ್ಲ ನೆರೆದರು. ಪ್ರಜ್ಞಾ ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಯಲ್ಲಿ "ಕುರ್‍ರ್... ಸುಗತ" ಎನ್ನುವಷ್ಟರಲ್ಲಿ ಪದ್ಧತಿಯಂತೆ ಅವಳ ಬೆನ್ನಿಗೆ ದಬದಬ ಗುದ್ದು ಬಿದ್ದವು. ಎಲ್ಲರಿಗಿಂತ ಜೋರಾಗಿ ಗುದ್ದಿದವಳು ಪಕ್ಕದ ಮನೆಯ ಹಜರಾಬಿ. "ಸೈಂಟಿಸ್ಟ್ ಬೆನ್ನ ಮತ್ತ ಯಾವಾಗ ಸಿಗಬೇಕವಾ!" ಎಂದು ಇನ್ನೊಂದು ಹಾಕಿದಳು.

ಹೆಸರಾದ ಮೇಲೆ ಕೂಸು ಅಜ್ಜನ ತೊಡೆಗೆ ಬಂತು. ಬಂದದ್ದೇ ಮುಖ ಕೆಂಪಗೆ ಮಾಡಿ, ಮೈ ಹುರಿಮಾಡಿ, ಪಡಸಾಲೆಗೆಲ್ಲ ಕೇಳುವಂತೆ ಸದ್ದು ಮಾಡಿತು. ಮಾಸ್ತರರ ಹೊಸ ಧೋತರ ಬೆಚ್ಚಗಾಯಿತು. ಬೇರೆ ಮನೆಯಾಗಿದ್ದರೆ ಛೀ ಥೂ ಎನ್ನುತ್ತಿದ್ದರು. ಇಲ್ಲಿ ಮಾತ್ರ ಎಲ್ಲರೂ ಹೋ ಎಂದು ನಕ್ಕರು. ಪ್ರಜ್ಞಾ ಬಗ್ಗಿ ನೋಡಿ, "ಭಾಳ ಚಲೋ ಐತಿ" ಎಂದು ಸರ್ಟಿಫಿಕೇಟು ಕೊಟ್ಟಳು.

"ತುದಿಗೆ ಮುಟ್ಟಿತವಾ," ಎಂದರು ಮಾಸ್ತರರು, ಅಲುಗಾಡದೆ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಒಂದ ಗ್ಲಾಸ ಶರಬತ್ತ ಮಾಡ. ನೀನೂ ತಗೊ. ಇಲ್ಲೇ ನನ್ನ ಮುಂದ ಕುಂತ ಕುಡಿ."

ಸೀತವ್ವ ಎರಡು ಗ್ಲಾಸು ತಂದು ಕೂತಳು. ಅವಳದು ಖಾಲಿಯಾಗುವ ತನಕ ಮಾಸ್ತರರು ಕಣ್ಣು ಕೀಳಲಿಲ್ಲ.