ಭಂಡಾರ ತೊಳೆದ ಮೇಲೆ

ಮಗ ಶ್ರೀಮಂತ ಉದಗೀರದ ಕೊರೊನಾ ವಾರ್ಡಿನಲ್ಲಿ ಹನ್ನೆರಡು ದಿನ ಆಕ್ಸಿಜನ್ ಮೇಲೆ ಮಲಗಿದ್ದಾಗ ಮಲಕಮ್ಮ ಬೀರಪ್ಪನಿಗೆ ಹರಕೆ ಹೊತ್ತಿದ್ದಳು. ಅವನು ತನ್ನ ಕಾಲ ಮೇಲೆ ನಡೆದು ಮನೆಗೆ ಬಂದರೆ ಒಂದು ಟಗರು, ಮೊಮ್ಮಗಳ ಕೈಯಿಂದ ಐದು ಸೇರು ಅರಿಷಿಣ ಪುಡಿಯ ಭಂಡಾರ. ಮಗ ನಡೆದೇ ಬಂದ. ದೇವಣಿಯ ಆಚೆಗಿನ ಆ ಊರಲ್ಲಿ ಅಷ್ಟು ಜನ ಹೋದ ಬೇಸಿಗೆಯಲ್ಲಿ ತನ್ನ ಮನೆಯೊಂದು ಇಡಿಯಾಗಿ ಉಳಿದದ್ದು ದೇವರ ಕೆಲಸ, ಅದರಲ್ಲಿ ತನ್ನ ಪಾಲೂ ಸ್ವಲ್ಪ ಇದೆ ಎಂಬುದು ಮಲಕಮ್ಮನ ನಂಬಿಕೆ. ಆರು ವರ್ಷದ ಮೊಮ್ಮಗಳು ಮೀನಲಳಿಗಂತೂ ಎರಡು ದಿನ ಮೂಗು ಸೋರಿದ್ದು ಬಿಟ್ಟರೆ ಏನೂ ಆಗಿರಲಿಲ್ಲ. "ಸಣ್ಣ ಮಕ್ಕಳಿಗಿ ಅದು ಮುಟ್ಟಂಗಿಲ್ರೀ," ಎಂದು ಮಲಕಮ್ಮ ಕೇಳಿದವರಿಗೂ ಕೇಳದವರಿಗೂ ಹೇಳಿಕೊಂಡು ತಿರುಗಿದಳು.

ಹರಕೆ ತೀರಿಸಲು ಗೊತ್ತಾದ ದಿನ ರವಿವಾರ, ಅಮಾವಾಸ್ಯೆ. ಟಗರು ಬಂದಿತ್ತು, ನೆಂಟರಿಗೆ ಹೇಳಿಕಳಿಸಿ ಆಗಿತ್ತು. ಹಿಂದಿನ ಗುರುವಾರ ಬೆಳಿಗ್ಗೆ, ಮಗ್ಗುಲಲ್ಲಿ ಮಲಗಿದ್ದ ಮೀನಲಳ ಮೈ ಸುಡುತ್ತಿರುವುದು ಮಲಕಮ್ಮನ ಕೈಗೆ ಹತ್ತಿತು. ಸೊಸೆ ರೂಪಾಲಿ ಅಂಗಳದಲ್ಲೇ ಇದ್ದಳು, ಒಂದು ಕೂಗು ಹಾಕಿದ್ದರೆ ಸಾಕಿತ್ತು. ಆದರೆ ರೂಪಾಲಿ ಹನ್ನೆರಡನೆಯ ಇಯತ್ತೆ ಓದಿದವಳು, ಜ್ವರವೆಂದರೆ ಎಲ್ಲ ನಿಲ್ಲಿಸಿ ದವಾಖಾನೆಯ ಮಾತು ಎತ್ತುವವಳು. ಹೊತ್ತ ಹರಕೆ ತಪ್ಪಿದರೆ, ಕೊಟ್ಟ ಮಗನನ್ನು ದೇವರು ವಾಪಸ್ ಕೇಳಿದರೆ? ನಗುವವರು ನಗಲಿ, ಮಲಕಮ್ಮನಿಗೆ ಅದು ನಿಜವಾದ ಭಯ. ಶ್ರೀಮಂತನ ಔಷಧಿ ಚೀಲದಿಂದ ಜ್ವರದ ಗುಳಿಗೆ ತೆಗೆದು, ಅರ್ಧ ಮುರಿದು, ಬೆಲ್ಲದ ಜೊತೆ ನುಂಗಿಸಿದಳು. ಮಧ್ಯಾಹ್ನಕ್ಕೆ ಮೈ ತಣ್ಣಗಾಯಿತು, ಸಂಜೆ ಮತ್ತೆ ಏರಿತು. ಮತ್ತೆ ಅರ್ಧ ಗುಳಿಗೆ. ಶುಕ್ರವಾರವೂ ಹಾಗೇ, ಶನಿವಾರವೂ ಹಾಗೇ ದೂಡಿದಳು.

ರವಿವಾರ ಹೊಲದ ಗುಡಿಯ ಮುಂದೆ ಡೊಳ್ಳು ಬಾರಿಸಿದರು. ಕಟ್ಟೆಯ ಮೇಲೆ ನಿಂತು ಮೀನಲ ಮುಷ್ಟಿ ಮುಷ್ಟಿ ಭಂಡಾರ ಹಾರಿಸಿದಳು. ಜನ ಅವಳ ಮೇಲೂ ಎರಚಿದರು, ಮಗು ಕೂದಲಿನಿಂದ ಪಾದದವರೆಗೆ ಹಳದಿಯಾಯಿತು. ಊಟದ ಹೊತ್ತಿಗೆ ಅವಳ ಎರಡೂ ಕಣ್ಣು ಕೆಂಪಾದವು. "ಆಯಿ, ಕಣ್ಣು ಉರಿತಾವ," ಎಂದು ಅಜ್ಜಿಯ ಸೆರಗು ಎಳೆದಳು. ಭಂಡಾರ ಬಿದ್ದಿದೆ ಎಂದರು. ತುಟಿ ಒಡೆದು ರಕ್ತ ಜಿನುಗಿತು, ಬಿಸಿಲೆಂದರು. ಹೊಟ್ಟೆ ಹಿಡಿದುಕೊಂಡು ವಾಂತಿ ಮಾಡಿದಳು, ಖಾರದ ಮಟನ್ ಎಂದರು. ಒಂದೊಂದಕ್ಕೂ ಒಂದೊಂದು ಕಾರಣ ಕೈಗೆ ಸಿಗುವಷ್ಟು ಹತ್ತಿರ ಇತ್ತು, ಆ ದಿನದ ದುರ್ದೈವವೇ ಅದು.

ಸಂಜೆ ರೂಪಾಲಿ ನೀರು ಕಾಯಿಸಿದಳು. "ಹುಡುಗಿ ಮೈ ಬೆಚ್ಚಗ ಹತ್ತತದ ಅತ್ತಿ. ಭಂಡಾರ ತೊಳದು ನೋಡ್ತೀನ್ರೀ."

"ಹರಕಿ ಭಂಡಾರ ನಾಳಿ ಸೂರ್ಯಾ ಹುಟ್ಟೋತನಾ ತೊಳಿಬಾರ್ದು. ಅಷ್ಟೂ ಗೊತ್ತಿಲ್ಲೇನ ನಿನಗ?" ಎಂದು ಮಲಕಮ್ಮ ಬಚ್ಚಲಿಗೆ ಅಡ್ಡ ನಿಂತಳು. ಆ ಮನೆಯಲ್ಲಿ ಅವಳ ಮಾತಿಗೆ ಎದುರಿಲ್ಲ. ರೂಪಾಲಿ ಒಲೆ ಆರಿಸಿದಳು.

ಸೋಮವಾರ ಸೂರ್ಯ ಹುಟ್ಟುತ್ತಲೇ ತೊಳೆದರು. ಮೊದಲ ತಂಬಿಗೆಗೆ ಹಳದಿ ಹರಿಯಿತು, ಎರಡನೆಯದಕ್ಕೂ ಹರಿಯಿತು. ನೀರು ತಿಳಿಯಾದ ಮೇಲೆ ನೋಡಿದರೆ ಹೊಟ್ಟೆ, ಬೆನ್ನು, ತೊಡೆಯ ತುಂಬ ಕೆಂಪು ದದ್ದು. ರೂಪಾಲಿ ಉಜ್ಜಿದಳು, ಹೋಗಲಿಲ್ಲ. ಇನ್ನೂ ಉಜ್ಜಿದಳು. ನಿನ್ನೆಯವರೆಗೆ ಸಾಬೂನೆಂದರೆ ಮನೆ ತಲೆಯ ಮೇಲೆ ಹೊರುತ್ತಿದ್ದ ಹುಡುಗಿ ತುಟಿಪಿಟಕ್ಕೆನ್ನದೆ ಕೂತಿದ್ದಳು. ಈ ಸಲ ದವಾಖಾನೆಗೆ ಹೊರಟ ಸೊಸೆಗೆ ಮಲಕಮ್ಮ ಅಡ್ಡ ನಿಲ್ಲಲಿಲ್ಲ.

ಉದಗೀರದ ಮಕ್ಕಳ ಡಾಕ್ಟರಮ್ಮನ ಮುಂದೆ ಸಾಲು ಬಾಗಿಲು ದಾಟಿತ್ತು. ಥರ್ಮಾಮೀಟರು ಹೆಚ್ಚೇನೂ ತೋರಿಸಲಿಲ್ಲ. "ತಾಪ ಕಿತಿ ದಿವಸಾಂಪಾಸೂನ ಆಹೆ?" ಜ್ವರ ಎಷ್ಟು ದಿನದಿಂದ ಎಂದು ಅವರು ಮರಾಠಿಯಲ್ಲಿ ಕೇಳಿದರು.

"ಕಾಲಪಾಸೂನ," ನಿನ್ನೆಯಿಂದ, ಎಂದಳು ರೂಪಾಲಿ. ಅವಳಿಗೆ ಗೊತ್ತಿದ್ದದ್ದೇ ಅಷ್ಟು.

ಒಂದು ದಿನದ ಜ್ವರ ತಾನೇ, ಔಷಧಿ ಕೊಡಿ, ಮೂರು ದಿನದಲ್ಲಿ ಇಳಿಯದಿದ್ದರೆ ಮತ್ತೆ ಬನ್ನಿ ಎಂದು ಡಾಕ್ಟರಮ್ಮ ಚೀಟಿ ಬರೆಯತೊಡಗಿದರು. ಮಲಕಮ್ಮನಿಗೆ ಒಂದು ಕ್ಷಣ ಜೀವ ಬಂದಂತಾಯಿತು. ಯಾರಿಗೂ ಏನೂ ತಿಳಿಯದೆ ಮನೆಗೆ ಹೋಗಬಹುದು. ಆದರೆ ಅವಳ ಅಂಗೈಯಲ್ಲಿದ್ದ ಮಗುವಿನ ಬೆರಳು ಜೂನಿನ ಆ ಸೆಖೆಯಲ್ಲೂ ತಣ್ಣಗೆ ಕೊರೆಯುತ್ತಿದ್ದವು. ಬಾಯಿ ಬಿಟ್ಟರೆ ಸೊಸೆಯ ಮುಂದೆ ಇನ್ನೆಂದೂ ತಲೆ ಎತ್ತುವ ಹಾಗಿಲ್ಲ. ಬಿಡದಿದ್ದರೆ ಈ ಮಗು ಆ ಚೀಟಿ ಹಿಡಿದು ಮನೆಗೆ ಹೋಗುತ್ತದೆ.

"ಐದ್ ದಿನಾ ಆಯ್ತ್ರೀ," ಎಂದಳು. "ಗುರುವಾರದಿಂದ ಅದ. ನಾನೇ ಗುಳಿಗಿ ಕೊಟ್ಟು ಮುಚ್ಚಿಟ್ಟೀನಿ. ಇವತ್ತು ಮುಂಜಾನಿನೂ ಕೊಟ್ಟೀನಿ."

ಪೆನ್ನು ನಿಂತಿತು. ರೂಪಾಲಿ ತಿರುಗಿ ನೋಡಿದಳು. ಡಾಕ್ಟರಮ್ಮ ಎದ್ದು ಬಂದು ಮಗುವಿನ ನಾಲಗೆ ನೋಡಿದರು, ಉಗುರು ಒತ್ತಿ ಬಣ್ಣ ಮರಳುವುದನ್ನು ಕಾದರು, ಎದೆಯ ಮೇಲೆ ಸ್ಟೆಥಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

"ಮನ್ಯಾಗ ಯಾರಿಗರ ಕೊರೊನಾ ಆಗಿತ್ತೇನು?" ಈ ಸಲ ಕನ್ನಡದಲ್ಲೇ ಕೇಳಿದರು.

"ನನ್ನ ಮಗಗ. ತಿಂಗಳ ಮ್ಯಾಲಾಯ್ತು. ಹುಡುಗಿಗಿ ಏನೂ ಆಗಿದ್ದಿಲ್ರೀ."

"ಆಗಿರ್ತದ, ನಿಮಗ ಗೊತ್ತಾಗಿಲ್ಲ. ಕೆಲವು ಮಕ್ಕಳಿಗಿ ರೋಗ ಹೋಗಿ ತಿಂಗಳಾದ ಮ್ಯಾಲ ಹಿಂಗ ಆಗ್ತದ. ಮೈನೇ ಮೈ ಮ್ಯಾಲ ತಿರುಗಿ ಬೀಳ್ತದ, ಹೃದಯಕ್ಕ ಹತ್ತತದ. ಈಗಿಂದೀಗ ಲಾತೂರಿಗಿ ಒಯ್ಯಬೇಕು." ಉಳಿಯುತ್ತಾಳೋ ಎಂದು ರೂಪಾಲಿ ಕೇಳಿದಳು. ಅವರು ಅಂಬುಲೆನ್ಸಿಗೆ ಫೋನ್ ಹಚ್ಚಿದರು.

ಗಾಡಿಯಲ್ಲಿ ಮಗುವಿನ ಜೊತೆ ಒಬ್ಬರೇ ಹೋಗಬೇಕಿತ್ತು. ರೂಪಾಲಿ ಕೈ ಚಾಚಿದಳು.

"ಮೊದಲ್ನೇ ದಿನಾನೇ ನನಗ ಹೇಳಬೇಕಾಗಿತ್ರೀ ಅತ್ತಿ."

"ಹೇಳಿದ್ರ ನೀ ಹರಕಿ ನಿಲ್ಲಸ್ತಿದ್ದಿ."

"ನಿಲ್ಲಸ್ತಿದ್ದೆ," ಎಂದಳು ರೂಪಾಲಿ. ದನಿ ಏರಲಿಲ್ಲ. ಏರಿದ್ದರೆ ಮಲಕಮ್ಮನಿಗೆ ಎಷ್ಟೋ ಹಗುರಾಗುತ್ತಿತ್ತು. ಅಜ್ಜಿಯ ಕೊರಳಿಗೆ ಜೋತುಬಿದ್ದಿದ್ದ ಮಗುವನ್ನು ಬಿಡಿಸಿ ಎತ್ತಿಕೊಂಡು ಅವಳು ಗಾಡಿ ಹತ್ತಿದಳು. ತಾಯಿಯ ಮುಖ, ಅಜ್ಜಿಯ ಮುಖ ಎರಡನ್ನೂ ನೋಡಿ ಮೀನಲ ಹೆದರಿದಳು. ಯಾರೋ ತನ್ನ ಮೇಲೆ ಸಿಟ್ಟಾಗಿದ್ದಾರೆಂದು ಅವಳಿಗೆ ಅನ್ನಿಸಿರಬೇಕು.

"ನಾ ಹೇಳಿಲ್ಲ ಆಯಿ," ಎಂದಳು, ಒಡೆದ ತುಟಿಯಿಂದ, ಅವಸರವಾಗಿ. "ನೀ ಹೇಳಬ್ಯಾಡ ಅಂದಿದ್ದಿ, ನಾ ಅವ್ವಗ ಹೇಳಿಲ್ಲ."

ಡ್ರೈವರ್ ಬಂದು ಬಾಗಿಲು ಮುಚ್ಚಿದ.