ನೂರಕ್ಕೆ ನೂರು ಒಣ ಹಬೆ

ಮುಳ್ಳು ನೂರಕ್ಕೆ ಬಂದು ಅಲ್ಲೇ ನಿಂತಿತು. ಹಬೆಯನ್ನು ಪರೀಕ್ಷಿಸಲು ಕಂಪನಿ ಕಳಿಸಿದ್ದ ಅನಘಳಿಗೆ ಸಿಟ್ಟಿನಿಂದ ಮೈಯೆಲ್ಲ ಉರಿಯಿತು.

ಘಣಸೋಲಿಯ ಆ ಬಣ್ಣದ ಕಾರ್ಖಾನೆಯಲ್ಲಿ ಹಬೆಯಿಂದ ಕರೆಂಟು ತೆಗೆಯುವ ಟರ್ಬೈನಿನ ರೆಕ್ಕೆಗಳು ಸವೆದು ಮುರಿದಿದ್ದವು. ಹಬೆಯಲ್ಲಿ ನೀರಿನ ಹನಿಗಳಿದ್ದರೆ ಆ ವೇಗಕ್ಕೆ ಅವು ಕಲ್ಲಿನ ಹಾಗೆ ಬಡಿಯುತ್ತವೆ. ಆದರೆ ಬಾಯ್ಲರ್ ಮ್ಯಾನೇಜರ್ ಭುಜಂಗ, ಅನಘಳ ಸೋದರಮಾವ, ಹಬೆ ನೂರಕ್ಕೆ ನೂರು ಒಣಗಿದೆ ಎಂದುಬಿಟ್ಟಿದ್ದ. ಹಾಗಾದರೆ ತಪ್ಪು ಟರ್ಬೈನ್ ನಡೆಸುವ ಕಶ್ಯಪನದೇ. ಅವನನ್ನು ಇವತ್ತು ಕೆಲಸದಿಂದ ತೆಗೆಯುವವರಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ!

ಅನಘಳ ಮುಂದಿದ್ದದ್ದು ಹಬೆಯನ್ನು ಸಣ್ಣ ತೂತಿನಿಂದ ಹೊರಗೆ ಬಿಟ್ಟು ಅದರ ಬಿಸಿ ನೋಡುವ ಉಪಕರಣ. ಹಬೆ ಒಣಗಿದ್ದರೆ ಮುಳ್ಳು ನೂರು ಡಿಗ್ರಿಯನ್ನು ದಾಟಿ ಮೇಲೇರಬೇಕು. ನೂರರಲ್ಲೇ ನಿಂತರೆ, ಹಬೆ ಅಳತೆಗೂ ಸಿಗದಷ್ಟು ಒದ್ದೆ ಎಂದರ್ಥ. ಮಾವ ಡಿಗ್ರಿಯನ್ನು ಪರ್ಸೆಂಟು ಮಾಡಿ ಕೂತಿದ್ದ.

“ಗೊತ್ತಾಗದೆ ಹೇಳಿದ್ದಾ ಮಾವ?”

ಭುಜಂಗ ಆಚೀಚೆ ನೋಡಿದ. “ಮೊದಲು ಗೊತ್ತಿರ್ಲಿಲ್ಲ ಮಾರಾಯ್ತಿ. ಆಮೇಲೆ ಗೊತ್ತಾಯ್ತು. ಈಗ ಹೇಳಿದ್ರೆ ನನ್ನ ಮರ್ಯಾದೆ ಎಂತ ಆಗ್ತದೆ? ನೀನೂ ನೂರು ಅಂತಲೇ ಹೇಳು. ಸುಳ್ಳಲ್ಲವಲ್ಲ, ಮುಳ್ಳೇ ತೋರಿಸ್ತದಲ್ಲ.”

“ಕಶ್ಯಪಣ್ಣನ ಗತಿ?”

“ಅವನಿಗೆ ಬೇರೆ ಕಡೆ ಸಿಗ್ತದೆ. ನಿನ್ನನ್ನು ಈ ಕಂಪನಿಗೆ ಸೇರಿಸಿದ್ದು ಯಾರು, ನೆನಪುಂಟಾ?”

ಉಂಟು. ಸಿಟ್ಟು ನೆತ್ತಿಗೇರಿದ್ದೂ ಅದಕ್ಕೇ. ತನಗೆ ಕೆಲಸ ಕೊಡಿಸಿದವನೆಂದು, ಇನ್ನೊಬ್ಬರ ಅನ್ನಕ್ಕೆ ಅವನು ಕಲ್ಲು ಹಾಕುವಾಗ ಬಾಯಿಮುಚ್ಚಿ ಕೂರಬೇಕೇ? ಅವಳು ಹಬೆಯಿಂದ ನೀರನ್ನು ಬೇರ್ಪಡಿಸುವ ಪಾತ್ರೆಯನ್ನು ಪೈಪಿಗೆ ಜೋಡಿಸಿ, ಕೆಳಗಿನ ನಲ್ಲಿಗೆ ಕ್ಯಾಂಟೀನಿನ ಸ್ಟೀಲ್ ಜಗ್ಗು ಹಿಡಿದಳು. ಜಗ್ಗು ತುಂಬಿತು.

ಡೈರೆಕ್ಟರ್ ಹೃಷೀಕೇಶರ ಕ್ಯಾಬಿನ್ನಿನಲ್ಲಿ ಕಶ್ಯಪ ತಲೆ ತಗ್ಗಿಸಿ ನಿಂತಿದ್ದ. ಭುಜಂಗ ಕುರ್ಚಿಯಲ್ಲಿದ್ದ.

“ಬೋಲಿಯೇ ಮೇಡಮ್, ಸ್ಟೀಮ್ ಸೌ ಟಕಾ ಡ್ರೈ ಹೈ ನಾ?” ಹಬೆ ನೂರಕ್ಕೆ ನೂರು ಒಣಗಿದೆ ತಾನೇ ಎಂದು ಹೃಷೀಕೇಶ ಹಿಂದಿಯಲ್ಲಿ ಕೇಳಿದರು.

ಅನಘ ಜಗ್ಗನ್ನು ಮೇಜಿನ ಮೇಲೆ ಕುಕ್ಕಿದಳು. ಬಿಸಿನೀರು ಗಾಜಿನ ಮೇಲೆಲ್ಲ ಹರಿಯಿತು. “ಯೇ ದೇಖಿಯೇ ಸರ್, ಸೌ ಟಕಾ ಡ್ರೈ!”

ಡಿಗ್ರಿ ಯಾವುದು, ಪರ್ಸೆಂಟ್ ಯಾವುದು ಎಂದು ಹಿಂದಿಯಲ್ಲೇ ಬಿಡಿಸಿ ಹೇಳಿದಳು. ಟರ್ಬೈನ್ ಮುರಿದದ್ದು ಈ ನೀರು, ಕಶ್ಯಪ ಅಲ್ಲ ಎಂದಳು. ಹೃಷೀಕೇಶ ಭುಜಂಗನ ಕಡೆಗೆ ತಿರುಗಿದರು.

ಸಾಹೇಬರಿಗೆ ತಿಳಿಯದ ಕನ್ನಡದಲ್ಲಿ ಭುಜಂಗ ಪಿಸುಗುಟ್ಟಿದ: “ಅನು, ಮನೆಯ ಮಾತು ಮನೆಯಲ್ಲಿ ಮಾತಾಡುವಾ. ನನಗೆ ಗೊತ್ತಿತ್ತು ಅಂತ ಮಾತ್ರ ಹೇಳ್ಬೇಡ.”

“ಹಿಂದೀ ಮೇ ಬೋಲಿಯೇ ಮಾಮಾ,” ಎಂದಳು ಅನಘ ಗಟ್ಟಿಯಾಗಿ, ಸಾಹೇಬರಿಗೂ ಕೇಳಲೆಂದು. “ಸರ್ ಕೋ ಭೀ ಸುನನೇ ದೀಜಿಯೇ.”

ಭುಜಂಗ ಬಾಯಿ ತೆರೆದ. ಯಾವ ಭಾಷೆಯೂ ಬರಲಿಲ್ಲ. ಕಶ್ಯಪ ತಲೆಯೆತ್ತಿ ಅವನನ್ನೇ ನೋಡುತ್ತಿದ್ದ.