ಗೂಡಿನಲ್ಲಿಟ್ಟ ಗಾಜು

ರಕ್ತ ಪರೀಕ್ಷೆಗೆ ಒಂದು ರೂಪಾಯಿ, ಕಾಂಪೌಂಡರ್ ಮನೆಗೆ ಬಂದದ್ದಕ್ಕೆ ನಾಲ್ಕಾಣೆ, ಟಾಂಗಾಕ್ಕೆ ಎರಡಾಣೆ. ಹುಬ್ಬಳ್ಳಿಯ ರೇಲ್ವೆ ಕಾರ್ಖಾನೆಯಲ್ಲಿ ಒಂದು ದಿನದ ಪಗಾರವೂ ಹೋಯಿತು. ಫಿಟ್ಟರ್ ಯಮನಪ್ಪನಿಗೆ ಅದರ ಚಿಂತೆಯಿರಲಿಲ್ಲ. ಹೆಂಡತಿ ಹೊಳೆವ್ವ ಏಳು ತಿಂಗಳ ಬಸುರಿ. ಮೂರು ದಿನದಿಂದ ಮೈ ಕೆಂಡವಾಗಿ, ಕೀಲುಕೀಲು ಮುರಿದಂತೆ ನರಳುತ್ತಿದ್ದಳು. ಹಿಂದಿನ ಎರಡು ಬಸಿರು ನಿಂತಿರಲಿಲ್ಲ.

"ಮಲೇರಿಯಾ ಇದ್ರ ಕ್ವಿನೈನ್ ಕೊಡಲೇಬೇಕು," ಎಂದಿದ್ದರು ಡಾಕ್ಟರ್ ಬಾಳಕೃಷ್ಣರಾಯರು. "ಡೆಂಗ್ಯೂ ಇದ್ರ ಅದರಿಂದ ಏನೂ ಉಪಯೋಗಿಲ್ಲ. ಸುಮ್ನ ಬಸುರಿಗೆ ಅಪಾಯ."

"ಡೆಂಗ್ಯೂ ಅಂದ್ರ ಏನ್ರಿ?"

"ಎಲುಬು ಮುರಿಯೋ ಜ್ವರ. ಅದನ್ನ ತೋರಿಸೋ ಪರೀಕ್ಷಾ ನಮ್ಮಲ್ಲಿಲ್ಲಪಾ. ರಕ್ತದಾಗ ಮಲೇರಿಯಾ ಹುಳ ಕಾಣಬಾರದು, ಬಿಳಿ ಕಣ ಕಡಿಮಿ ಇರಬೇಕು. ಆವಾಗ ಅದೇ ಇದ್ದೀತು ಅಂತ ತಿಳಕೋಬೇಕು, ಅಷ್ಟ."

ಕಾಣದ್ದರಿಂದ ರೋಗ ಕಂಡುಹಿಡಿಯುವುದು ಹೇಗೆಂದು ಯಮನಪ್ಪನಿಗೆ ಬಗೆಹರಿಯಲಿಲ್ಲ. ಇಂಜಿನ್ನಿನ ಸವೆದ ಭಾಗವನ್ನು ಮುಟ್ಟಿಯೇ ಹೇಳುವ ಕೈ ಅವನದು.

ಮುಂಜಾನೆ ಕಾಂಪೌಂಡರ್ ರಸೂಲಸಾಬ ಬಂದು ಹೊಳೆವ್ವನ ಬೆರಳು ಚುಚ್ಚಿದ. ಬಿಳಿ ಕಣ ಎಣಿಸಲು ಸಣ್ಣ ನಳಿಗೆಯಲ್ಲಿ ರಕ್ತ ಹೀರಿಕೊಂಡ. ಇನ್ನೊಂದು ಹನಿಯನ್ನು ಗಾಜಿನ ಪಟ್ಟಿಯ ಮೇಲೆ ತೆಳ್ಳಗೆ ಎಳೆದು ಗೋಡೆಯ ಗೂಡಿನಲ್ಲಿಟ್ಟ.

"ಇದು ಒಣಗಲಿ. ಮಧ್ಯಾಹ್ನ ತಂದುಕೊಡು, ಯಮನಪ್ಪಾ," ಎಂದು ನಳಿಗೆ ಹಿಡಿದು ಹೊರಟ.

ಮಧ್ಯಾಹ್ನ ರಾಯರು ಯಮನಪ್ಪ ತಂದ ಗಾಜಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

"ಹುಳ ಅದಾವು. ಮಲೇರಿಯಾ." ಮತ್ತೆ ರಸೂಲಸಾಬನ ಚೀಟಿ ನೋಡಿ ಹುಬ್ಬು ಗಂಟಿಕ್ಕಿದರು. "ನಿನ್ನ ಎಣಿಕ್ಯಾಗ ಬಿಳಿ ಕಣ ಭಾಳ ಕಡಿಮಿ. ಗಾಜಿನ ಮ್ಯಾಲೆ ನೋಡಿದ್ರ ಬೇಕಾದಷ್ಟು. ಒಬ್ಬಾಕಿ ರಕ್ತ, ಎರಡು ಸಾಕ್ಷಿ!"

"ಎರಡ ಸಲ ಎಣಿಸೇನ್ರಿ ಸಾಹೇಬ್ರ."

"ಸಾವಿರ ಸಲ ಎಣಿಸು. ಹುಳ ಕಣ್ಣಿಗೇ ಕಂಡಾವಲ್ಲ!"

ಯಮನಪ್ಪ ಇಬ್ಬರ ಮುಖವನ್ನೂ ನೋಡಿದ. ಯಾವುದನ್ನು ನಂಬಬೇಕು? ಕಡೆಗೆ ರಾಯರು ಕೊಟ್ಟ ಕ್ವಿನೈನ್ ಗುಳಿಗೆ ಹಿಡಿದು ಮನೆಗೆ ಬಂದ.

ಗುಳಿಗೆ ನುಂಗಲು ಹೊಳೆವ್ವ ಬಾಯಿ ತೆರೆದಿದ್ದಳು. ಅವನ ತಾಯಿ ಫಕೀರವ್ವ ಮಗನ ಕೈ ಗಟ್ಟಿಯಾಗಿ ಹಿಡಿದಳು.

"ಕೊಡಬ್ಯಾಡೋ. ಆ ರಕ್ತ ಆಕಿದಲ್ಲ."

"ಮತ್ಯಾರದು?"

"ನಂದು. ಬಸುರಿ ಹೆಂಗಸಿನ ರಕ್ತ ಕಂಡವರ ಕೈಯಾಗ ಕೊಡ್ತಾರೇನು? ಯಾರರ ಮಾಟಾ ಮಾಡಿದ್ರ? ಗಾಜು ತೊಳದು ನನ್ನ ಬೆರಳು ಚುಚ್ಚಿಕೊಂಡೆ. ಕನ್ನಡಿ ಚೂರಿಲೆ ಆ ಸಾಬ್ರು ಎಳದಂಗ ಎಳದೆ. ಮುದುಕಿಗೆ ಯಾರ ಕಣ್ಣೂ ತಾಗೂದಿಲ್ಲ."

"ಅವ್ವಾ, ಅವರು ನೋಡೂದು ಜ್ವರ! ಮಾಟಾ ಅಲ್ಲ!"

"ನನಗೇನ್ ಗೊತ್ತು? ರಕ್ತ ಅಂದ್ರ ಎಲ್ಲಾರದೂ ಕೆಂಪೇ ಅಲ್ಲೇನು?"

ಯಮನಪ್ಪನಿಗೆ ಬೈಯಬೇಕೋ ನಗಬೇಕೋ ತಿಳಿಯಲಿಲ್ಲ. ಗುಳಿಗೆಯನ್ನು ಜೇಬಿಗೆ ಹಾಕಿಕೊಂಡು ದವಾಖಾನೆಗೆ ಓಡಿದ. ಕಥೆ ಕೇಳಿ ರಸೂಲಸಾಬ ರಾಯರತ್ತ ನೋಡಿದ, ರಾಯರು ಕೆಮ್ಮಿದರು. ಇನ್ನೊಮ್ಮೆ ಹೊಳೆವ್ವನ ರಕ್ತ ತೆಗೆದು, ಗಾಜು ಒಣಗುವತನಕ ರಸೂಲಸಾಬ ಅದರ ಮುಂದೆಯೇ ಕೂತ. ಈ ಸಲ ಹುಳ ಕಾಣಲಿಲ್ಲ.

"ಹಂಗಾದ್ರ ಡೆಂಗ್ಯೂನರಿ?"

"ಇದ್ದೀತು," ಎಂದರು ರಾಯರು. "ಖರೇನ ಅಂತ ನಾ ಹ್ಯಾಂಗ ಹೇಳ್ಲಿ? ನಾಳೆನೂ ಒಮ್ಮೆ ನೋಡೂಣು. ಗುಳಿಗಿ ನಿಮ್ಮವ್ವಗ ಕೊಡು."

ಮರುದಿನವೂ ಹುಳ ಕಾಣಲಿಲ್ಲ. ಆರನೆಯ ದಿನ ಹೊಳೆವ್ವನ ಮೈಮೇಲೆ ಕೆಂಪು ದದ್ದು ಎದ್ದು ಜ್ವರ ಇಳಿಯಿತು. ಫಕೀರವ್ವ ಬೈಯುತ್ತಲೇ ಕ್ವಿನೈನ್ ನುಂಗಿದಳು. ಜ್ವರದ ಹೆಸರು ಕೊನೆಗೂ ಖಚಿತವಾಗಲಿಲ್ಲ. ಬಸಿರು ಉಳಿಯಿತು.